ಆಲ್ಬಮ್ಮಿನಲ್ಲಿ ಇಲ್ಲದ ಮನೆ

ಮನೆಯ ಹಳೆಯ ಆಲ್ಬಮ್ ತೆಗೆದು ನೋಡಿದರೆ ಅದರಲ್ಲಿ ಎಲ್ಲ ಇರುತ್ತದೆ, ಮನೆಯೊಂದು ಇರುವುದಿಲ್ಲ. ಹುಟ್ಟಿದ ದಿನಗಳಿರುತ್ತವೆ, ಮದುವೆಗಳಿರುತ್ತವೆ, ದೂರದಿಂದ ಬಂದ ನೆಂಟರ ಜೊತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತ ಗುಂಪುಗಳಿರುತ್ತವೆ. ಮನೆ ಮಾತ್ರ ಅವರೆಲ್ಲರ ಬೆನ್ನ ಹಿಂದೆ ಒಂದಿಷ್ಟು ಗೋಡೆಯಾಗಿ, ಅರ್ಧ ಕಿಟಕಿಯಾಗಿ, ಯಾರದೋ ಹೆಗಲ ಮೇಲಿಂದ ಇಣುಕುವ ಬಾಗಿಲ ಚೌಕಟ್ಟಾಗಿ ಉಳಿದಿರುತ್ತದೆ. ಅದನ್ನು ನೋಡೋಣ ಅಂತ ಯಾರೂ ಕ್ಯಾಮೆರಾ ಎತ್ತಿದವರಲ್ಲ.

ನಾನು ಬಾಲ್ಯದ ಬಹುಪಾಲು ಕಳೆದದ್ದು ಮಹಡಿ ಮೆಟ್ಟಿಲಿನ ಕೆಳಗಿನ ಮೂಲೆಯಲ್ಲಿ. ಮೇಲೆ ಹತ್ತಿ ಇಳಿಯುವವರ ಹೆಜ್ಜೆ ನೆತ್ತಿಯ ಮೇಲೇ ಕೇಳುವ, ಓರೆ ಚಾವಣಿಯ, ದೊಡ್ಡವರು ತಲೆ ತಗ್ಗಿಸದೆ ಬರಲಾಗದ ಜಾಗ. ಆ ಮೂಲೆಯ ಒಂದು ಫೋಟೊವೂ ನಮ್ಮ ಆಲ್ಬಮ್ಮುಗಳಲ್ಲಿ ಇಲ್ಲ. ಇರಬೇಕಿತ್ತು ಅಂತ ದೂರುತ್ತಲೂ ಇಲ್ಲ. ಒಂದು ಫಿಲ್ಮ್ ರೋಲಿಗೆ 36 ಫ್ರೇಮು. ಅದಕ್ಕೂ ಹಿಂದೆ, ಚೌಕ ಫೋಟೊಗಳ ಕಾಲದಲ್ಲಿ, '120' ಎಂಬ ಅಳತೆಯ ಒಂದು ರೋಲಿಗೆ 12. ಅಷ್ಟರಲ್ಲೇ ವರ್ಷದ ಸಂಭ್ರಮಗಳೆಲ್ಲ ಮುಗಿಯಬೇಕು. ಖಾಲಿ ಮೂಲೆಗೆ ಒಂದು ಫ್ರೇಮ್ ಖರ್ಚು ಮಾಡುವ ಹುಚ್ಚು ಯಾರಿಗಿತ್ತು? ಆಲ್ಬಮ್ಮು ವಿಶೇಷ ದಿನಗಳ ದಫ್ತರ. ಬಾಲ್ಯವಾದರೋ ಏನೂ ನಡೆಯದ ಮಧ್ಯಾಹ್ನಗಳಲ್ಲೇ ಕಳೆದುಹೋದದ್ದು.

ಈಗೀಗ ನಾನು ಆ ಏನೂ ನಡೆಯದ ಮನೆಯ ಫೋಟೊ ತೆಗೆಯುತ್ತಿದ್ದೇನೆ. ಮನೆ ಇನ್ನೂ ಇದೆ, ಅಮ್ಮ ಅಲ್ಲೇ ಇದ್ದಾಳೆ, ಮೆಟ್ಟಿಲ ಕೆಳಗೆ ಇನ್ವರ್ಟರ್ ಬಂದು ಕೂತಿದೆ. ಇದನ್ನೆಲ್ಲ ಫೈನ್ ಆರ್ಟ್ ಫೋಟೊಗ್ರಫಿ ಅಂತ ಕರೆದರೆ ಅಕ್ಕನಿಗೆ ನಗು ಬರುತ್ತದೆ. ಕರೆಯದಿದ್ದರೂ ನಡೆಯುತ್ತದೆ. ಯಾರೂ ಹೇಳಿ ತೆಗೆಸದ, ಯಾವ ಸಮಾರಂಭಕ್ಕೂ ಸಾಕ್ಷಿ ಹೇಳದ ಫೋಟೊಗಳು ಇವು, ಅಷ್ಟೇ.

ಮೊದಲು ಎದುರಾದದ್ದು ಬಣ್ಣದ ಪ್ರಶ್ನೆ. ಚಿಕ್ಕಂದಿನ ಮನೆ ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಕೆಂಪಿಗೆ ತಿರುಗಿದ, ಸದಾ ಸಂಜೆ ಬಿಸಿಲಿನಲ್ಲೇ ಇರುವ ಮನೆ. ಆ ಕೆಂಪು ಮನೆಯದ್ದಲ್ಲ, ಕಾಗದದ್ದು. ಕಲರ್ ಪ್ರಿಂಟಿನಲ್ಲಿ ಸಯಾನ್ (ನೀಲಿ ಹಸಿರು), ಮೆಜೆಂಟಾ (ನೇರಳೆ ಗುಲಾಬಿ), ಹಳದಿ ಎಂಬ ಮೂರು ಬಣ್ಣಗಳ ಪದರಗಳಿರುತ್ತವೆ. 1960 ಮತ್ತು 70ರ ದಶಕಗಳ ಕಾಗದಗಳಲ್ಲಿ ಸಯಾನ್ ಬಹಳ ಅಳ್ಳಕ. ಬೆಳಕೇ ತಾಗದಿದ್ದರೂ, ಆಲ್ಬಮ್ಮಿನ ಕತ್ತಲಲ್ಲೇ, ತನ್ನಷ್ಟಕ್ಕೆ ಮಾಸುತ್ತ ಹೋಗುತ್ತದೆ. ನೀಲಿ ಹಸಿರು ಹೊರಟುಹೋದರೆ ಉಳಿಯುವುದು ಕೆಂಪು. ಜೊತೆಗೆ ಬಿಳಿಯ ಭಾಗಗಳಿಗೆ ಹಳದಿ ಕಟ್ಟುತ್ತದೆ. ನಾವು ಅದನ್ನೇ ನೋಡಿ ನೋಡಿ, ನಮ್ಮ ಬಾಲ್ಯವೇ ಆ ಬಣ್ಣದ್ದು ಅಂದುಕೊಂಡುಬಿಟ್ಟಿದ್ದೇವೆ. ಈಗ ಫೋನಿನಲ್ಲಿ ಬೆರಳು ಮುಟ್ಟಿಸಿದರೆ ಸಾಕು, ಇವತ್ತು ಬೆಳಿಗ್ಗೆ ತೆಗೆದ ಫೋಟೊಗೂ ಅದೇ ಕೆಂಪು ಬಳಿದುಕೊಡುವ ಫಿಲ್ಟರುಗಳಿವೆ. ರಸಾಯನದ ದೋಷಕ್ಕೆ ನೆನಪಿನ ವೇಷ ಹಾಕಿಸಿದ್ದು. ಅದು ಎಷ್ಟು ಚೆನ್ನಾಗಿ ಕಂಡರೂ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ನಮ್ಮ ಮನೆಯ ನಿಜವಾದ ಬಣ್ಣ ಸಿಕ್ಕಿದ್ದು ಗೋಡೆ ಗಡಿಯಾರದ ಹಿಂದೆ. ಫೋಟೊಗೆ ಅಡ್ಡ ಬರುತ್ತದೆಂದು ಅದನ್ನು ಇಳಿಸಿದೆ; ಹಿಂದೆ, ಪ್ರತಿ ಸಲ ಬಣ್ಣ ಹೊಡೆಯುವವರು ಗಡಿಯಾರ ತೆಗೆಯಲು ಬೇಸರಪಟ್ಟು ಸುತ್ತ ಮಾತ್ರ ಬಳಿದು ಹೋದದ್ದರಿಂದ ಉಳಿದ ಒಂದು ವೃತ್ತ. ಅಂಚಿನಲ್ಲಿ ಕೆನೆ, ಅದರೊಳಗೆ ಬೂದು, ನಟ್ಟನಡುವೆ ತಿಳಿ ಹಸಿರು. ನಾನು ಬೆಳೆದದ್ದು ತಿಳಿ ಹಸಿರು ಮನೆಯಲ್ಲಿ! ಆಲ್ಬಮ್ಮಿನ ಒಂದು ಫೋಟೊದಲ್ಲೂ ಅದು ಹಸಿರಾಗಿಲ್ಲ. ತೆಗೆಯಬೇಕೆಂದಿದ್ದ ಫೋಟೊ ಅಲ್ಲಿಗೆ ಬಿಟ್ಟು ಆ ವೃತ್ತದ ಫೋಟೊ ತೆಗೆದೆ. ಬಣ್ಣ ತಪ್ಪಬಾರದೆಂದು ಪಕ್ಕದಲ್ಲಿ ಬೂದು ಕಾರ್ಡ್ ಹಿಡಿದು, ಬೆಳಕಿನ ಬಣ್ಣ ಫೋಟೊಗೆ ಅಂಟದಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸರಿಮಾಡಿಕೊಂಡೆ. ಇಡೀ ಸರಣಿಯಲ್ಲಿ ಅಷ್ಟು ನಿಷ್ಠೆಯಿಂದ ಬಣ್ಣ ಹಿಡಿದದ್ದು ಅದೊಂದರಲ್ಲೇ.

ಹಳೆಯ ಫೋಟೊ ನಮ್ಮ ನೆನಪನ್ನು ಕಾಪಾಡುತ್ತದೆ ಎನ್ನುವುದು ನಾವೆಲ್ಲ ಪ್ರಶ್ನಿಸದೆ ಒಪ್ಪಿಕೊಂಡ ಮಾತು. ಮನೋವಿಜ್ಞಾನಿಗಳ ಅನುಭವ ಬೇರೆ. ಮೂರು ವರ್ಷಕ್ಕೆ ಮುಂಚಿನದ್ದು ಹೆಚ್ಚಿನವರಿಗೆ ನೆನಪಿರುವುದೇ ಇಲ್ಲ. ಆ ಕಾಲದ ಬಗ್ಗೆ ನಮಗೆ 'ನೆನಪಿದೆ' ಅನ್ನಿಸುವುದರಲ್ಲಿ ಎಷ್ಟೋ ಪಾಲು ಫೋಟೊ ಮತ್ತು ಮನೆಯವರ ಮಾತು ಸೇರಿ ಆದದ್ದು. 2002ರಲ್ಲಿ ಕಿಂಬರ್ಲಿ ವೇಡ್, ಮೇರಿಯಾನ್ ಗ್ಯಾರಿ ಮತ್ತು ಸಂಗಡಿಗರು ಒಂದು ತುಂಟ ಪ್ರಯೋಗ ಮಾಡಿದರು. 20 ಜನ ವಯಸ್ಕರಿಗೆ ಅವರದೇ ಬಾಲ್ಯದ ನಿಜವಾದ ಫೋಟೊಗಳ ನಡುವೆ ಒಂದು ಸುಳ್ಳು ಫೋಟೊ ಸೇರಿಸಿ ತೋರಿಸಿದರು: ಬಿಸಿಗಾಳಿಯ ಬಲೂನಿನ ಬುಟ್ಟಿಯಲ್ಲಿ ಕೂತ ಮಗು. ಮುಖ ಅವರದ್ದು, ಬಲೂನು ಇನ್ನೆಲ್ಲಿಯದೋ. ಮೂರು ಸುತ್ತು ಮಾತುಕತೆ ಮುಗಿಯುವ ಹೊತ್ತಿಗೆ ಅರ್ಧದಷ್ಟು ಮಂದಿಗೆ ತಾವು ಎಂದೂ ಹತ್ತದ ಬಲೂನಿನ ಸವಾರಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆನಪಾಗಿತ್ತು. ಮುಂದೆ 2005ರಲ್ಲಿ ಅದೇ ಇಬ್ಬರು ಫೋಟೊ ಬಿಟ್ಟು ಬರೀ ಬರೆದ ಕಥೆ ಕೊಟ್ಟು ನೋಡಿದರು. ಕಥೆ ಫೋಟೊಗಿಂತ ಹೆಚ್ಚು ಜನರನ್ನು ನಂಬಿಸಿತು.

ಈ ಎರಡನೆಯ ಸಂಗತಿ ನನ್ನನ್ನು ಜಾಸ್ತಿ ಕಾಡಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ತನ್ನ ಮೂವರು ಮಕ್ಕಳ ಬಾಲ್ಯವನ್ನು 8×10 ಇಂಚಿನ ದೊಡ್ಡ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ತೆಗೆದು 1992ರಲ್ಲಿ ಪುಸ್ತಕ ಮಾಡಿದ ಸ್ಯಾಲಿ ಮ್ಯಾನ್ ಕೂಡ 2015ರ ತನ್ನ ಆತ್ಮಕಥೆಯಲ್ಲಿ ಹೇಳುವುದು ಇದೇ ಧಾಟಿಯ ಮಾತು: ಫೋಟೊಗಳು ಗತಕಾಲವನ್ನು ಪಕ್ಕಕ್ಕೆ ತಳ್ಳಿ ತಾವೇ ಆ ಜಾಗದಲ್ಲಿ ಕೂರುತ್ತವೆ. ಆಕೆಯ ಫೋಟೊಗಳನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅಷ್ಟು ಗಟ್ಟಿಯಾದ ಚಿತ್ರ ಎದುರಿಗಿರುವಾಗ ನಿಜವಾಗಿ ನಡೆದ ದಿನಕ್ಕೆ ಉಳಿಗಾಲವೆಲ್ಲಿ? ಇನ್ನೊಂದು ತುದಿಯಲ್ಲಿ ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಇದ್ದಾನೆ. ತಾಯಿ ತೀರಿಕೊಂಡ ಮೇಲೆ ಅವಳನ್ನು ಹುಡುಕುತ್ತ ಆತ ಫೋಟೊಗಳನ್ನು ತಿರುವಿಹಾಕಿದ. ಅವಳು ಸಿಕ್ಕಿದ್ದು 1898ರ ಒಂದು ಫೋಟೊದಲ್ಲಿ, ಐದು ವರ್ಷದ ಮಗುವಾಗಿ, ಅಣ್ಣನ ಪಕ್ಕ, ಗಾಜಿನ ಚಾವಣಿಯ ತೋಟದ ಕೋಣೆಯಲ್ಲಿ. ಅಂದರೆ ಅವನು ಕಂಡೇ ಇರದ ತಾಯಿ. ಫೋಟೊಗ್ರಫಿ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಬೇರೆಯವರು ತೆಗೆದ ಎಷ್ಟೋ ಫೋಟೊ ಅಚ್ಚು ಹಾಕಿಸಿದವನು ಅದೊಂದನ್ನು ಹಾಕಲಿಲ್ಲ. ನಿಮಗೆ ಅದು ಮಾಮೂಲಿ ಫೋಟೊ, ಅದರಲ್ಲಿ ನಿಮಗೇನೂ ತಾಗುವುದಿಲ್ಲ ಅನ್ನುವ ಅರ್ಥದಲ್ಲಿ ಬರೆದ. ನನಗೆ ಬಾರ್ತನ ಸಿದ್ಧಾಂತಗಳಿಗಿಂತ ಈ ಒಂದು ನಿರಾಕರಣೆ ಹೆಚ್ಚು ಇಷ್ಟ.

ಅಂದಮೇಲೆ ಹೋದ ಬಾಲ್ಯವನ್ನು ಮತ್ತೆ ಹಿಡಿಯಲು ಕ್ಯಾಮೆರಾ ಎತ್ತುವುದು ಸ್ವಲ್ಪ ಅಪಾಯದ ಕೆಲಸ. ಹೊಸ ಫೋಟೊ ಚೆನ್ನಾಗಿ ಬಂದಷ್ಟೂ ಹಳೆಯ ನೆನಪಿಗೆ ಕುತ್ತು. ನನಗೆ ತೋಚಿದ ದಾರಿ ಒಂದೇ: ಆಲ್ಬಮ್ಮು ನೋಡಿದ ಕಡೆ ನೋಡದಿರುವುದು. ಅದು ಬಿಟ್ಟದ್ದನ್ನು, ಅದು ಬಿಟ್ಟ ಎತ್ತರದಿಂದ, ಅದು ಬಿಟ್ಟ ಹೊತ್ತಿನಲ್ಲಿ ನೋಡುವುದು. ಅಲ್ಲಿ ಪಕ್ಕಕ್ಕೆ ತಳ್ಳಲು ಹಳೆಯ ಚಿತ್ರವೇ ಇಲ್ಲ.

ಇದನ್ನು ನನಗಿಂತ ಬಹಳ ಮೊದಲು, ಬಹಳ ಚೆನ್ನಾಗಿ ಮಾಡಿದವನು ಅಬೆಲಾರ್ಡೊ ಮೊರೆಲ್. 1948ರಲ್ಲಿ ಹವಾನಾದಲ್ಲಿ ಹುಟ್ಟಿ, 1962ರಲ್ಲಿ ಮನೆಮಂದಿಯ ಜೊತೆ ಕ್ಯೂಬಾ ಬಿಟ್ಟು ಅಮೆರಿಕಕ್ಕೆ ಹೋದವನು. ಬೀದಿಗಳಲ್ಲಿ ಅಪರಿಚಿತರ ಫೋಟೊ ತೆಗೆಯುತ್ತಿದ್ದವನು 1986ರಲ್ಲಿ ಮಗ ಹುಟ್ಟಿದ ಮೇಲೆ ಮನೆಯೊಳಗೆ ತಿರುಗಿದ. ಮಗುವಿನ ಜೊತೆ ನೆಲದ ಮೇಲೆ ಬಿದ್ದುಕೊಂಡು, ಆಟದ ಮರದ ತುಂಡುಗಳು ಗೋಪುರದಷ್ಟು ಎತ್ತರ ಕಾಣುವಂತೆ ಫೋಟೊ ತೆಗೆದ. 1991ರಲ್ಲಿ ತನ್ನ ಮಲಗುವ ಕೋಣೆಯನ್ನೇ ಕ್ಯಾಮೆರಾ ಮಾಡಿಬಿಟ್ಟ. ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಮುಚ್ಚಿ, ನಡುವೆ ಒಂದು ಸಣ್ಣ ತೂತು. ಎದುರು ಬೀದಿಯ ಮನೆಗಳು ತಲೆಕೆಳಗಾಗಿ ಬಂದು ಹಾಸಿಗೆಯ ಮೇಲಿನ ಗೋಡೆಗೆ ನೇತುಬಿದ್ದವು. ಕೋಣೆಯೊಳಗೆ ಇನ್ನೊಂದು ಕ್ಯಾಮೆರಾ ಇಟ್ಟು, ಗಂಟೆಗಟ್ಟಲೆ ಶಟರ್ ತೆರೆದಿಟ್ಟು ಅದನ್ನು ಫಿಲ್ಮಿಗೆ ಇಳಿಸಿದ.

ಗಂಟೆಗಟ್ಟಲೆ ಯಾಕೆ ಎನ್ನುವ ಲೆಕ್ಕ ಸುಲಭ. ತೂತು 1 ಸೆಂ.ಮೀ., ಎದುರಿನ ಗೋಡೆ 4 ಮೀಟರ್ ದೂರ ಅಂದರೆ, ದೂರವನ್ನು ತೂತಿನ ಅಗಲದಿಂದ ಭಾಗಿಸಿದರೆ 400; ಕ್ಯಾಮೆರಾ ಭಾಷೆಯಲ್ಲಿ ಅದು ಎಫ್/400 ಅಪರ್ಚರ್, ಅಂದರೆ ಬೆಳಕು ಬರುವ ತೂತಿನ ಅಳತೆ. ಮಾಮೂಲಿ ಎಫ್/8ಕ್ಕೆ ಹೋಲಿಸಿದರೆ ಗೋಡೆಗೆ ಬೀಳುವ ಬೆಳಕು 2500 ಪಟ್ಟು ಕಡಿಮೆ. ಆ ಮಬ್ಬು ಚಿತ್ರವನ್ನು ಮತ್ತೊಂದು ಲೆನ್ಸಿನ ಮೂಲಕ ಫಿಲ್ಮಿಗೆ ತರಬೇಕು. ತೂತು ದೊಡ್ಡದು ಮಾಡಿದರೆ ಬೆಳಕು ಹೆಚ್ಚು, ಚಿತ್ರ ಕಲಸಿಹೋಗುತ್ತದೆ. ಸಣ್ಣದು ಮಾಡಿದರೆ ಚಿತ್ರ ಚೂಪು, ಕೋಣೆ ಕಗ್ಗತ್ತಲು. ಇಷ್ಟು ದೀರ್ಘ ಹೊತ್ತಿನಲ್ಲಿ ಬೀದಿಯಲ್ಲಿ ಓಡಾಡಿದ ಯಾರೂ ಚಿತ್ರದಲ್ಲಿ ಉಳಿಯುವುದಿಲ್ಲ. ಕದಲದೆ ನಿಂತದ್ದು ಮಾತ್ರ ಉಳಿಯುತ್ತದೆ, ಅಂದರೆ ಮನೆಗಳು. ಆಲ್ಬಮ್ಮಿನಲ್ಲಿ ಆದದ್ದಕ್ಕೆ ಪೂರಾ ಉಲ್ಟಾ!

ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಅಷ್ಟು ಹೊತ್ತು ಬೇಡ, ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯ ಅಳತೆ ಏರಿಸಿದರೆ ನಿಮಿಷಗಳಲ್ಲೇ ಆಗುತ್ತದೆ. ನಾನೂ ನಮ್ಮ ಹಿಂದಿನ ಕೋಣೆಯಲ್ಲಿ ಮಾಡಿದೆ. ಟೇಪು ಅಂಟಿಸಿ ಅಂಟಿಸಿ ಬೆರಳು ನೋವು ಬಂದ ಮೇಲೆ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ ಏನೂ ಇಲ್ಲ. ಆಮೇಲೆ ಮೆಲ್ಲಗೆ ಎದುರುಮನೆಯ ನೀರಿನ ಟ್ಯಾಂಕು ನೆಲದ ಹತ್ತಿರ ಮೂಡಿತು. ಮರವೊಂದು ಚಾವಣಿಯಿಂದ ಕೆಳಮುಖವಾಗಿ ಬೆಳೆಯಿತು. ಸ್ವಿಚ್‌ಬೋರ್ಡಿನ ಸುತ್ತ ಎಲೆಗಳು ಅಲುಗಾಡುತ್ತಿದ್ದವು, ಗಾಳಿ ಇದೆ ಅಂತ ಗೋಡೆ ನೋಡಿ ಗೊತ್ತಾಯಿತು. ಒಬ್ಬ ಸೈಕಲ್ ಸವಾರ ತಲೆಕೆಳಗಾಗಿ ಎಡದಿಂದ ಬಲಕ್ಕೆ ಹೋದ. ಹೊರಗೆ ಅವನು ಹೋಗುತ್ತಿದ್ದದ್ದು ಅದಕ್ಕೆ ವಿರುದ್ಧ ದಿಕ್ಕಿಗೆ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ಅಮ್ಮ, ಬೆಳಕು ಒಳಗೆ ಬಿಟ್ಟು ಎಲ್ಲ ಅಳಿಸಿಹಾಕಿ, ಬಾಗಿಲು ಮುಚ್ಚಿ ಮತ್ತೆ ನೋಡಿದಳು.

"ಅಯ್ಯೋ, ಇದನ್ನೇ ಅಲ್ವೇನೇ ನೀನು ಹೇಳ್ತಿದ್ದಿದ್ದು? ಗೋಡೆ ಮೇಲೆ ಜನ ತಲೆಕೆಳಗಾಗಿ ಓಡಾಡ್ತಾರೆ ಅಂತ? ನಾವು ಜ್ವರ ನೆತ್ತಿಗೇರಿದೆ ಅಂದ್ಕೊಂಡಿದ್ವಿ."

ಚಿಕ್ಕಂದಿನಲ್ಲಿ ನನಗೆ ಮಧ್ಯಾಹ್ನ ನಿದ್ದೆ ಮಾಡಿಸಲು ಮರದ ಕಿಟಕಿ ಮುಚ್ಚುತ್ತಿದ್ದರು. ಹಲಗೆಯ ಸಂದಿಯೋ ಕಿತ್ತುಹೋದ ಮೊಳೆಯ ತೂತೋ ಇದ್ದರೆ ಸಾಕು, ಬಿಸಿಲು ಬಿದ್ದ ಬೀದಿ ತಾನಾಗಿ ಒಳಗೆ ಬರುತ್ತದೆ. ಅದಕ್ಕೆ ಕಲಾವಿದನೇನೂ ಬೇಕಿಲ್ಲ. ವಿಷಯ ಏನೆಂದರೆ, ನನಗೆ ಇದೊಂದೂ ನೆನಪಿರಲಿಲ್ಲ. ಈಗ ಇದೆ. ಜ್ವರ, ಹೊದಿಕೆಯ ಒರಟು, ಗೋಡೆಯ ಮೇಲೆ ನಡೆಯುವ ಕಾಲುಗಳು, ಎಲ್ಲ ನಿಚ್ಚಳ. ಇದು ಅಮ್ಮನ ಮಾತಿನಿಂದ ಮರಳಿ ಬಂದ ನೆನಪೋ, ಅಮ್ಮನ ಮಾತಿನಿಂದ ಹುಟ್ಟಿದ ನೆನಪೋ? ಬಲೂನಿನ ಕಥೆ ಓದಿದ ಮೇಲೆ ಎರಡನೆಯದೇ ಇರಬೇಕು ಎನ್ನುವ ಅನುಮಾನ ಬಲವಾಗಿದೆ. ಆದರೂ ಆ ಕೋಣೆಯ ಫೋಟೊವನ್ನು ಸರಣಿಯಿಂದ ತೆಗೆದುಹಾಕಿಲ್ಲ. ಗೋಡೆಗೆ ಬಿದ್ದ ಬೀದಿಯಂತೂ ಸುಳ್ಳಲ್ಲವಲ್ಲ.

ಎತ್ತರದ ವಿಷಯಕ್ಕೆ ಬರುತ್ತೇನೆ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಹೆಚ್ಚುಕಡಿಮೆ 1 ಮೀಟರ್ ಮೇಲಿರುತ್ತದೆ. ನಿಂತು, ಕ್ಯಾಮೆರಾ ಕಣ್ಣಿಗಿಟ್ಟು ತೆಗೆದ ಫೋಟೊದಲ್ಲಿ ಮನೆಯನ್ನು ನೋಡುತ್ತಿರುವುದು ಒಬ್ಬ ದೊಡ್ಡ ಮನುಷ್ಯ, ಅದಕ್ಕೇ ಅದು ಆಸ್ತಿ ಮಾರಾಟದ ಜಾಹೀರಾತಿಗೆ ಹತ್ತಿರ. ಟ್ರೈಪಾಡಿನ ಕಾಲು ಮಡಚಿ, ನೆಲದ ಮೇಲೆ ಕೂತ ಮಗುವಿನ ಮಟ್ಟಕ್ಕೆ ಇಳಿಸಿದ ಕೂಡಲೇ ಮೇಜಿನ ಮೇಲ್ಮೈ ಮಾಯವಾಗಿ ಅದರ ಅಡಿಭಾಗ ಕಾಣುತ್ತದೆ: ಪಾಲಿಶ್ ಕಾಣದ ಹಸಿ ಮರ, ಬಡಗಿ ಪೆನ್ಸಿಲಿನಲ್ಲಿ ಹಾಕಿದ ಗುರುತು. ಚಿಲಕ ಕೈಗೆಟುಕದಷ್ಟು ಮೇಲೆ ಹೋಗುತ್ತದೆ. ಇದಕ್ಕೆ ವೈಡ್ ಆಂಗಲ್ ಲೆನ್ಸ್ ಬೇಡ; ಅದು ಕೋಣೆಯನ್ನು ಎಳೆದು ಹಿಗ್ಗಿಸಿ ನಾಟಕ ಮಾಡುತ್ತದೆ. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ಅಗಲದ ಸೆನ್ಸರಿನ) ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಸಾಕು. ತಮಾಷೆಯೆಂದರೆ, ಎರಡು ಲೆನ್ಸಿನ ಹಳೆಯ ಡಬ್ಬಿ ಕ್ಯಾಮೆರಾಗಳನ್ನು ಸೊಂಟಕ್ಕೋ ಎದೆಗೋ ಹಿಡಿದು ಮೇಲಿಂದ ಬಗ್ಗಿ ನೋಡಬೇಕಿತ್ತಾದ್ದರಿಂದ, ಆ ಕಾಲದ ಚೌಕ ಫೋಟೊಗಳು ಗೊತ್ತಿಲ್ಲದೆಯೇ ಮಗುವಿನ ಎತ್ತರಕ್ಕೆ ಹತ್ತಿರ. ಕ್ಯಾಮೆರಾ ಕಣ್ಣಿಗೆ ಬಂದ ಮೇಲೆ ಆ ಎತ್ತರ ಹೋಯಿತು.

ಮಗುವೇ ತೆಗೆದರೆ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಅಪರೂಪದ ಸಾಕ್ಷಿ ಇದೆ. 1894ರಲ್ಲಿ ಹುಟ್ಟಿದ ಜಾಕ್ ಆನ್ರಿ ಲಾರ್ತಿಗ್ ಎಂಬ ಫ್ರೆಂಚ್ ಹುಡುಗನ ಕೈಗೆ ತೀರಾ ಚಿಕ್ಕ ವಯಸ್ಸಿಗೇ ಅಪ್ಪ ಕ್ಯಾಮೆರಾ ಕೊಟ್ಟಿದ್ದ. 1905ರಲ್ಲಿ ಆ ಹುಡುಗ ತನ್ನ ಕೋಣೆಯಲ್ಲಿ ತನ್ನ ಆಟಿಕೆ ರೇಸ್ ಕಾರುಗಳ ಫೋಟೊ ತೆಗೆದ, ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ. ಕಾರುಗಳು ಮುಂದೆ, ಕುರ್ಚಿ ಮೇಜುಗಳು ಹಿಂದೆ ಕಟ್ಟಡಗಳಾಗಿ ನಿಂತಿವೆ. ಅದರಲ್ಲಿ ಬಾಲ್ಯಕ್ಕಾಗಿ ಹಂಬಲವಿಲ್ಲ, ಕಾರುಗಳ ಬಗ್ಗೆ ಹೆಮ್ಮೆ ಇದೆ. ಲೋಕಕ್ಕೆ ಅವನ ಫೋಟೊಗಳು ಗೊತ್ತಾದದ್ದು 1963ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದ ಮೂಲಕ. ಅಷ್ಟರಲ್ಲಿ ಅವನಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಲಾರ್ತಿಗ್‌ನ ಕಾರುಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಹಿಂಬಾಗಿಲ ಗೀರು. ಬಾಗಿಲು ಒಂದಿಷ್ಟು ಜೋತುಬಿದ್ದು, ತೆರೆದಾಗಲೆಲ್ಲ ಕೆಳಮೂಲೆ ನೆಲಕ್ಕೆ ಉಜ್ಜಿ, ವರ್ಷಗಳಲ್ಲಿ ಕಾಲು ವೃತ್ತದ ಒಂದು ಗೀರು ಕೊರೆದಿದೆ. ನನ್ನ ಆಟಿಕೆ ಕಾರಿಗೆ ಅದೇ ರಸ್ತೆ. ಚಕ್ರಗಳು ಆ ಗೀರಿನಲ್ಲಿ ಕೂತುಕೊಂಡು, ಕೈ ಬಿಟ್ಟರೂ ತಿರುವಿನಲ್ಲಿ ದಾರಿ ತಪ್ಪುತ್ತಿರಲಿಲ್ಲ. ಬಾಗಿಲನ್ನು ಆಮೇಲೆ ರಿಪೇರಿ ಮಾಡಿ ಎತ್ತರಿಸಿದರು. ಗೀರು ಹಾಗೇ ಉಳಿಯಿತು. ನಿಂತು ನೋಡಿದರೆ ಅದು ಬರೀ ಗೆರೆ. ಮಧ್ಯಾಹ್ನದ ಬೆಳಕಿನಲ್ಲಿ ಅದೂ ಇಲ್ಲ. ಬೆಳಿಗ್ಗೆ ಬಿಸಿಲು ಅಡ್ಡಲಾಗಿ ಬರುವ ಸ್ವಲ್ಪ ಹೊತ್ತು ಗೀರಿನ ಒಂದು ದಂಡೆಗೆ ನೆರಳು ಬೀಳುತ್ತದೆ, ಇನ್ನೊಂದು ದಂಡೆ ಮಿಂಚುತ್ತದೆ. ಆಗ ಅದಕ್ಕೆ ಆಳ ಬರುತ್ತದೆ. ಕ್ಯಾಮೆರಾವನ್ನು ಮಡಚಿದ ಟವಲಿನ ಮೇಲೆ ಇಟ್ಟು, ಲೆನ್ಸನ್ನು ನೆಲಕ್ಕೆ ತಾಗಿಸುವಷ್ಟು ಇಳಿಸಿದರೆ ಗೀರಿನೊಳಗೆ ಕೂತ ಮರಳಿನ ಕಾಳುಗಳು, ನಡುವೆ ಒಂದು ಕಡೆ ಬಾಗಿಲು ತೊಡರಿ ಎಗರಿದ್ದಕ್ಕೆ ಮುರಿದ ದಂಡೆ, ಆಚೆ ತಿರುವು.

ಇಲ್ಲಿ ಒಂದು ತೀರ್ಮಾನ ಬೇಕಿತ್ತು. ಅಪರ್ಚರ್ ಪೂರ್ತಿ ತೆರೆದರೆ ಮುಂದಿನ ಒಂದಿಂಚು ಬಿಟ್ಟು ಉಳಿದದ್ದೆಲ್ಲ ಕರಗಿ, ಕನಸಿನ ಹಾಗೆ ಅಂತ ಜನ ಹೇಳುವ ಥರ ಆಗುತ್ತದೆ. ಬಾಲ್ಯದ ಬಗೆಗಿನ ಕಲಾಫೋಟೊಗಳಲ್ಲಿ ಮುಕ್ಕಾಲು ಪಾಲು ಹೀಗೇ ಮಬ್ಬು. ನನಗೆ ಇದು ಅರ್ಥವಾಗುವುದಿಲ್ಲ. ಮಕ್ಕಳ ಕಣ್ಣೊಳಗಿನ ಮಸೂರ ಎಳೆಯದು, ಬೇಕಾದ ಹಾಗೆ ಬಾಗುತ್ತದೆ. ಹತ್ತು ವರ್ಷದ ಮಗುವಿಗೆ ಸುಮಾರು 7 ಸೆಂ.ಮೀ. ದೂರದ ವಸ್ತುವೂ ಸ್ಪಷ್ಟ. ವಯಸ್ಸಾದಂತೆ ಮಸೂರ ಗಡುಸಾಗಿ ಆ ದೂರ ಹಿಂದೆ ಹಿಂದೆ ಸರಿಯುತ್ತದೆ, ನಲವತ್ತೈದರ ಆಚೀಚೆ ಪುಸ್ತಕವನ್ನು ಕೈಚಾಚಿ ಹಿಡಿಯುವ ಕಾಲ ಬರುತ್ತದೆ. ಅಂದರೆ ನಾವು ಮೂಗು ತಾಗಿಸಿ ಇರುವೆಯ ಕಾಲು ಎಣಿಸಿದ್ದು, ಗೋಡೆಯ ಬಿರುಕಿನಲ್ಲಿ ನದಿ ಕಂಡದ್ದು ಆಗಲೇ. ಜೀವಮಾನದಲ್ಲಿ ಅತ್ಯಂತ ಚೂಪಾಗಿ ಕಂಡ ಕಾಲವನ್ನು ಮಬ್ಬಾಗಿ ತೋರಿಸುವುದು ಯಾವ ನ್ಯಾಯ? ಮಬ್ಬು ಇರುವುದು ಈಗ ನೆನೆಯುತ್ತಿರುವವರ ತಲೆಯಲ್ಲಿ. ನಾನು ಅಪರ್ಚರನ್ನು ಎಫ್/11ಕ್ಕೆ ಕಿರಿದು ಮಾಡಿ ಗೀರನ್ನು ಈ ತುದಿಯಿಂದ ಆ ತಿರುವಿನವರೆಗೂ ಆದಷ್ಟು ಚೂಪಾಗಿ ತೆಗೆದೆ.

ಹತ್ತಿರ ಹೋಗುವುದಕ್ಕೆ ಇನ್ನೊಂದು ಸಮರ್ಥನೆಯೂ ಸಿಕ್ಕಿತು. 2014ರಲ್ಲಿ ಪ್ರಕಟವಾದ ಲಿಂಡಾ ಹೆಂಕೆಲ್ ಅವರ ಅಧ್ಯಯನದಲ್ಲಿ, ಮ್ಯೂಸಿಯಮ್ಮಿನ ವಸ್ತುಗಳ ಫೋಟೊ ತೆಗೆದವರಿಗೆ, ಬರೀ ನೋಡಿದವರಿಗಿಂತ, ಆ ವಸ್ತುಗಳು ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಬಿಡು ಅಂತ ಮನಸ್ಸು ಕೈಬಿಟ್ಟುಬಿಡುತ್ತದೆ. ಆದರೆ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ; ಫ್ರೇಮಿನಿಂದ ಹೊರಗುಳಿದ ಭಾಗವೂ ನೆನಪಿತ್ತು. ಇಡೀ ಕೋಣೆಯ ಫೋಟೊ ತೆಗೆದರೆ ಕೋಣೆ ಹೋಗುತ್ತದೆ, ಚಿಲಕದ ಫೋಟೊ ತೆಗೆದರೆ ಕೋಣೆ ಉಳಿದೀತು ಎಂದು ನಾನು ಅದನ್ನು ನನ್ನ ಅನುಕೂಲಕ್ಕೆ ಓದಿಕೊಂಡಿದ್ದೇನೆ.

ಮನೆಯೇ ಇಲ್ಲದವರು ಏನು ಮಾಡುತ್ತಾರೆ? ಕೆಲವರು ಕಟ್ಟುತ್ತಾರೆ. ಲಾರಿ ಸಿಮನ್ಸ್ 1970ರ ದಶಕದಲ್ಲಿ ಗೊಂಬೆಮನೆಯ ಕೋಣೆಗಳನ್ನು ಜೋಡಿಸಿ ನಿಜದ ಬೆಳಕಿನಲ್ಲಿ ಫೋಟೊ ತೆಗೆದಳು. ಥಾಮಸ್ ಡಿಮ್ಯಾಂಡ್ ಕಾಗದ ಮತ್ತು ರಟ್ಟಿನಿಂದ ಕೋಣೆಗಳನ್ನು ನಿಜವಾದ ಅಳತೆಯಲ್ಲೇ ಕಟ್ಟಿ, ಫೋಟೊ ತೆಗೆದು, ಆಮೇಲೆ ಕೆಡವಿಹಾಕುತ್ತಾನೆ. ಹಳೆಯ ಸಾಮಾನು ತಂದು ಜೋಡಿಸಿ 'ಆ ಕಾಲ'ವನ್ನು ಮರುಸೃಷ್ಟಿಸುವ ಫೋಟೊಗಳಿಗಿಂತ ಈ ಕಾಗದದ ಕೋಣೆಗಳು ನನಗೆ ಪ್ರಾಮಾಣಿಕ ಅನ್ನಿಸುತ್ತವೆ, ಇದು ಕಟ್ಟಿದ್ದು ಅಂತ ಮುಖದ ಮೇಲೇ ಬರೆದಿರುತ್ತದೆ.

ಇನ್ನು ಕೆಲವರು ಹಳೆಯ ಫೋಟೊದೊಳಗೇ ನುಗ್ಗುತ್ತಾರೆ. ಟೋಕಿಯೊದಲ್ಲಿ ಹುಟ್ಟಿ ಹತ್ತು ವರ್ಷಕ್ಕೆ ಇಂಗ್ಲೆಂಡಿಗೆ ಹೋದ ಚಿನೊ ಒತ್ಸುಕಾ, 2005ರ ಸುಮಾರಿಗೆ, ತನ್ನ ಬಾಲ್ಯದ ಫೋಟೊಗಳಲ್ಲಿ ದೊಡ್ಡವಳಾದ ತನ್ನನ್ನೇ ಡಿಜಿಟಲ್ ಆಗಿ ಸೇರಿಸಿದಳು. ಬೆಳಕು, ನೆರಳು, ಕಾಗದದ ಮಾಸಲು ಬಣ್ಣ ಎಲ್ಲ ಹೊಂದಿಸಿ, ಪುಟ್ಟ ಹುಡುಗಿಯ ಪಕ್ಕ ಅವಳ ಅಕ್ಕನೋ ಎನ್ನುವಂತೆ ನಿಂತಿದ್ದಾಳೆ. ಸುಳ್ಳು ಬಲೂನಿನ ತಂತ್ರವೇ ಇದು. ಇಲ್ಲಿ ಮೋಸ ಹೋಗಲು ಯಾರೂ ಇಲ್ಲ ಎನ್ನುವುದೇ ವ್ಯತ್ಯಾಸ. ನಮ್ಮಲ್ಲಿ ಕಲಾವಿದ ವಿವಾನ್ ಸುಂದರಂ 2001–02ರಲ್ಲಿ ತನ್ನ ಅಜ್ಜ ಉಮ್ರಾವ್ ಸಿಂಗ್ ಶೇರ್‌ಗಿಲ್ ತೆಗೆದ ಮನೆಯ ಫೋಟೊಗಳನ್ನು ಹೀಗೇ ಬೆಸೆದಿದ್ದಾರೆ. ಬೇರೆ ಬೇರೆ ವರ್ಷಗಳ ಅಜ್ಜ, ಅಜ್ಜಿ, ಅಮ್ಮ, ದೊಡ್ಡಮ್ಮನಾದ ಚಿತ್ರಕಲಾವಿದೆ ಅಮೃತಾ ಒಂದೇ ಕೋಣೆಯಲ್ಲಿ ಸೇರುತ್ತಾರೆ. ಯಾರಿಗೂ ಯಾರ ವಯಸ್ಸೂ ತಾಳೆಯಾಗುವುದಿಲ್ಲ. ಮನೆಯ ನೆನಪು ಇರುವುದೇ ಹಾಗೆ: ಅಲ್ಲಿ ಅಜ್ಜಿ ಯಾವಾಗಲೂ ಮುದುಕಿ, ನಾನು ಒಮ್ಮೆ ನಾಲ್ಕು ವರ್ಷದವಳು, ಮರುಕ್ಷಣ ಹನ್ನೊಂದು.

ಜನರಿಲ್ಲದ ಮನೆಯ ಫೋಟೊ ತೆಗೆಯುವುದರಲ್ಲಿ ಒಂದು ಸುಖವಿದೆ, ಯಾರ ತಕರಾರೂ ಇರುವುದಿಲ್ಲ ಅಂದುಕೊಂಡಿದ್ದೆ. ತಂದೆತಾಯಿಯ ಮನೆಯನ್ನು ಒಂದು ದಶಕದ ಕಾಲ ತೆಗೆದು 1992ರಲ್ಲಿ ಪುಸ್ತಕ ಮಾಡಿದ ಲ್ಯಾರಿ ಸುಲ್ತಾನ್‌ಗೆ ಅಪ್ಪನೇ ಜಗಳಕ್ಕೆ ಬಿದ್ದಿದ್ದ. ಸೂಟು ಹಾಕಿ ಹಾಸಿಗೆಯ ಅಂಚಿನಲ್ಲಿ ಖಿನ್ನನಾಗಿ ಕೂತ ತನ್ನ ಫೋಟೊ ನೋಡಿ, ಅಲ್ಲಿ ಕೂತಿರುವುದು ನಾನಲ್ಲ, ನೀನು ಎಂದನಂತೆ. ಸುಲ್ತಾನ್ ಆ ಮಾತನ್ನೂ ಪುಸ್ತಕದಲ್ಲಿ ಸೇರಿಸಿದ. ದೊಡ್ಡತನ ಅಂದರೆ ಅದು.

ನಮ್ಮಲ್ಲಿ ಗೋಡೆಗಳಿಗೂ ಮಾನಮರ್ಯಾದೆ ಇದೆ. "ಆ ಬಿರುಕು ಯಾಕೆ ತೆಗೀತೀಯ? ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ? ಪೇಂಟ್ ಹೊಡೆಸಿದ ಮೇಲೆ ತೆಗಿ, ಚೆನ್ನಾಗಿ ಬರುತ್ತೆ" ಅಂತ ಅಮ್ಮ. ಅವಳ ಮಾತಲ್ಲಿ ತಪ್ಪೇನಿಲ್ಲ. ಆ ಮನೆಯನ್ನು ಇಷ್ಟು ವರ್ಷ ಬಿರುಕು ಕಾಣದಂತೆ ನಡೆಸಿಕೊಂಡು ಬಂದವಳು ಅವಳು, ನಾನು ಬಂದು ಹುಡುಕಿ ಹುಡುಕಿ ಬಿರುಕಿಗೇ ಬೆಳಕು ಹಿಡಿಯುತ್ತಿದ್ದೇನೆ. ಕೊನೆಗೆ ಒಪ್ಪಂದವಾದದ್ದು ಹೀಗೆ: ಬಿರುಕು ತೆಗೆಯಬಹುದು, ಆದರೆ ಯಾರ ಮನೆ ಅಂತ ಗೊತ್ತಾಗಬಾರದು. ಅದರಿಂದ ಹೊರನೋಟದ ಫೋಟೊ ಒಂದೂ ಇಲ್ಲ. ಸರಣಿಗೆ ಅದು ಒಳ್ಳೆಯದೇ ಆಯಿತು.

ಅಕ್ಕನ ತಕರಾರು ಬೇರೆ ಥರದ್ದು. ಪ್ರಿಂಟುಗಳನ್ನು ಚಿಕ್ಕದಾಗಿ, ಅಂಗೈ ಅಗಲಕ್ಕೆ ತೆಗೆಸಿದ್ದೆ. ಗೋಡೆಯಷ್ಟು ದೊಡ್ಡ ಪ್ರಿಂಟಿನ ಮುಂದೆ ಜನ ದೂರ ನಿಲ್ಲುತ್ತಾರೆ, ಕೈಯಲ್ಲಿ ಹಿಡಿದರೆ ಹತ್ತಿರ ತರುತ್ತಾರೆ. ಅವನ್ನು ಮೇಜಿನ ಮೇಲೆ ಹರಡಿ ಕೂತಿದ್ದಾಗ ಅವಳು ಒಂದೊಂದಾಗಿ ಎತ್ತಿ ನೋಡುತ್ತ ಹೋದಳು. ಗೀರಿನ ಫೋಟೊ ಬಂದಾಗ ಇದೆಲ್ಲಿಯದು ಅಂದಳು. ಹೇಳಿದೆ. ಅವಳಿಗೆ ಅದು ಗೊತ್ತೇ ಇಲ್ಲ. ಅದೇ ಬಾಗಿಲಲ್ಲಿ ಅಷ್ಟೇ ವರ್ಷ ಓಡಾಡಿದವಳು!

"ನಿನ್ನ ಮನೇಲಿ ಬರೀ ನೆಲ ಕಣೇ. ಕಿಟಕಿ ಎಲ್ಲಿ? ನಾನು ದಿನವಿಡೀ ಕಿಟಕಿ ಕಟ್ಟೆ ಮೇಲೆ ಕೂತಿರ್ತಿದ್ದೆ."

ಹೌದು, ಅವಳು ನನಗಿಂತ ಆರು ವರ್ಷ ದೊಡ್ಡವಳು. ಆ ಮನೆಗೆ ಬಂದಾಗಲೇ ಅವಳ ಕಣ್ಣು ಕಿಟಕಿಯ ಮಟ್ಟಕ್ಕೆ ಬಂದಿತ್ತು. ನೆಲದ ಮೇಲಿನ ಆಟ ಅವಳಿಗೆ ಅದಕ್ಕೂ ಹಿಂದಿನ ಯಾವುದೋ ಬಾಡಿಗೆ ಮನೆಯಲ್ಲಿ ಮುಗಿದಿತ್ತು. ಆ ಬಾಡಿಗೆ ಮನೆ ಈಗಿಲ್ಲ, ಅದರ ಒಂದು ಫೋಟೊ ಇದೆ, ಅದರಲ್ಲೂ ಐದಾರು ಜನ ಅಡ್ಡ ನಿಂತಿದ್ದಾರೆ. ಕ್ಯಾಮೆರಾ ಕೊಡು, ಕಿಟಕಿ ನಾನು ತೆಗೀತೀನಿ ಅಂತ ಅವಳು ಹಟ ಹಿಡಿದಿದ್ದಾಳೆ. ಕೊಡುತ್ತೇನೆ, ಎರಡನ್ನೂ ಸೇರಿಸಿ ಒಂದೇ ಸರಣಿ ಮಾಡುವುದಿಲ್ಲ ಅನ್ನುವ ಷರತ್ತಿನ ಮೇಲೆ. ಅಮ್ಮ ಮಾತ್ರ, ಹೇಗಿದ್ದರೂ ಇಬ್ಬರೂ ಬಂದಿದ್ದೀರಲ್ಲ, ಪೇಂಟರಿಗೆ ಹೇಳಲಾ ಅಂತ ಕೇಳುತ್ತಿದ್ದಾಳೆ.